ಯಾಟೋರ್ ಅಜ್ಜ ಅಳಿಸಲು ಹೇಳಿದ ಮನೆ

ನಮ್ಮ ಚೆರಂಗನಿ ಬೆಟ್ಟದಲ್ಲಿ ಈಗ ಮನೆಮನೆಯಲ್ಲೂ ಒಂದೇ ತೊಂದರೆ. "ಕಾಡಿನೊಳಗೆ ನಮ್ಮ ಮನೆ ಎಲ್ಲಿತ್ತು?" ಅಂತ ಮಕ್ಕಳು ಕೇಳುತ್ತಾರೆ. ನಾವು "ಆ ಕಡೆ" ಅಂತ ಕೈ ತೋರಿಸುತ್ತೇವೆ. ಕೈ ತೋರಿಸಿದ ಕಡೆ ಇರುವುದು ಬರೀ ಬಿದಿರು, ಮಂಜು. ನಾವು ಸೆಂಗ್ವೆರ್ ಜನ ಅಲ್ಲಿ ಬಾಳಿದ್ದೆವು ಎನ್ನಲು ಒಂದು ಕಾಗದವೂ ಇಲ್ಲ. ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಹಾಗೆ ಗೊತ್ತಿದ್ದವರಲ್ಲಿ ಯಾಟೋರ್ ಅಜ್ಜನೂ ಒಬ್ಬ. ಕಾಡಿನಂಚಿನ ತಗಡಿನ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಹೆಂಡತಿ ಚೆಸಾಂಗ್ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವಳನ್ನು ಕಾಡಿನ ಮನೆಯ ಹಿಂದೆಯೇ ಮಣ್ಣು ಮಾಡಿದ್ದ. ಮರುವರ್ಷ ಅರಣ್ಯ ಇಲಾಖೆಯವರು ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಒಬ್ಬಳೇ ಮಗಳು ಚೆಮೆಲಿ ದೂರದ ಕಿಟಾಲೆ ಪೇಟೆಯಲ್ಲಿ ಶಾಲೆಯ ಅಡುಗೆ ಮಾಡುತ್ತಾಳೆ. ತಾಯಿ ಸತ್ತಾಗ ಅವಳು ಪೇಟೆಯಲ್ಲೇ ಇದ್ದಳು, ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ತಾಯಿಯ ಸಮಾಧಿಯನ್ನು ಅವಳು ನೋಡಿಯೇ ಇಲ್ಲ.

ಕಳೆದ ವರ್ಷ ಹಿರಿಯರ ಸಭೆ ಒಂದು ಕೆಲಸ ಶುರುಮಾಡಿತು. ವಿಶ್ವವಿದ್ಯಾಲಯದ ಪುರಾತತ್ವದವರ ಜೊತೆ ಸೇರಿ ಹಳೆಯ ಮನೆಗಳ ಗುರುತು ಹುಡುಕುವುದು. ಡ್ರೋನ್ ಮೇಲಿಂದ ಲೇಸರ್ ಬೆಳಕು ಬಿಡುತ್ತದೆ, ಗಿಡಗಂಟಿಯ ಕೆಳಗಿನ ನೆಲದ ಏರುತಗ್ಗು ಪರದೆಯ ಮೇಲೆ ಮೂಡುತ್ತದೆ. ಗುಡಿಸಲು ಇದ್ದಲ್ಲಿ ಬಳೆಯಂಥ ಗುರುತು ಕಾಣುತ್ತದೆ. ಅದು ಯಾರ ಮನೆ ಎಂದು ಮಾತ್ರ ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಕೇಳಿ ಬರೆಯುವ ಕೆಲಸ ನಮ್ಮ ಹುಡುಗಿ ಜೆಮುತಾಯಿಯದು. ನಾನು, ಸಭೆ ಸೇರುವ, ಈ ಕೆಲಸವೂ ನಡೆಯುವ ಹಿರಿಯರ ಮನೆಯ ಬೀಗದ ಕೈ ಇಟ್ಟುಕೊಂಡವಳು. ಹಾಗಾಗಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು.

ಅಜ್ಜ ಮೊದಲ ದಿನವೇ ಬಾಗಿಲಲ್ಲಿ ನಿಂತು ಜೆಮುತಾಯಿಯನ್ನು ಕೆಣಕಿದ.

"ನಿನ್ನ ಆ ಹಾರೋ ಹುಳ ಎಷ್ಟು ಜೇನು ಕೊಡುತ್ತೆ ತಾಯಿ?"

"ಜೇನು ಕೊಡಲ್ಲ ಅಜ್ಜಾ, ಕಚ್ಚೋದೂ ಇಲ್ಲ. ಒಳಗೆ ಬನ್ನಿ."

"ಕಚ್ಚಲ್ವಾ? ಹಿಂದೆಯೂ ಹೀಗೇ ಅಳೆಯೋರು ಬಂದಿದ್ರು. ನಗ್ತಾ ನಗ್ತಾ ಗುಡಿಸಲಿಗೆಲ್ಲ ನಂಬರ್ ಬರೆದ್ರು. ನಂಬರ್ ಬಿದ್ದ ಗುಡಿಸಲೇ ಮೊದಲು ಸುಟ್ಟಿದ್ದು."

"ನಮ್ಮಮ್ಮನ ಗುಡಿಸಲಿಗೂ ನಂಬರ್ ಬಿದ್ದಿತ್ತು ಅಜ್ಜಾ. ನಲವತ್ತೊಂದು. ಆಗ ನಂಗೆ ಏಳು ವರ್ಷ."

ಅಜ್ಜ ಒಳಗೆ ಬಂದು ಕುಳಿತ. ಅವಳು ನಿಧಾನವಾಗಿ ಹೇಳಿದಳು: "ಈಗ ಹಾಗಲ್ಲ. ಚಿತ್ರ, ಹೆಸರು ಇಟ್ಟುಕೊಳ್ಳೋದು ನಮ್ಮ ಹಿರಿಯರ ಮನೇಲಿ, ಒಂದು ಪ್ರತಿ ಮಾತ್ರ ವಿಶ್ವವಿದ್ಯಾಲಯದಲ್ಲಿ. ಯಾರು ನೋಡಬಹುದು ಅಂತ ಹೇಳೋದು ಮನೆಯವರು. ಸಮಾಧಿ, ದೇವರ ಜಾಗ ನೀವು ಹೇಳದೆ ಗುರುತು ಹಾಕಲ್ಲ. ಬೇಡ ಅಂದ್ರೆ ಅಳಿಸ್ತೀವಿ."

"ಬಾಯಿಮಾತು!"

"ಹಾಗಾದ್ರೆ ಪರೀಕ್ಷೆ ಮಾಡಿ ನೋಡಿ."

ಅಜ್ಜ ಪರದೆಗೆ ಮುಖ ಹಚ್ಚಿದ. ತೊರೆ ಗುರುತಿಸಿದ, ದೊಡ್ಡ ಬಂಡೆ ಗುರುತಿಸಿದ. ಒಂದು ಬಳೆಯ ಮೇಲೆ ಬೆರಳಿಟ್ಟ. ಜೆಮುತಾಯಿ "ಯಾಟೋರ್, ಚೆಸಾಂಗ್ ಇವರ ಮನೆ" ಅಂತ ಬರೆದಳು.

ಒಂದು ವಾರ ಕಳೆದು ಮತ್ತೆ ಬಂದ.

"ಅಳಿಸು."

"ಏನಾಯ್ತು ಅಜ್ಜಾ?"

"ಯಾಕೆ ಅಂತ ಕೇಳಬೇಡ. ಅಳಿಸ್ತೀನಿ ಅಂದಿದ್ದೆ, ಅಳಿಸು."

ಅವಳು ಮತ್ತೆ ಕೇಳಲಿಲ್ಲ. ಅವನ ಕಣ್ಣೆದುರೇ ಹೆಸರು ಅಳಿಸಿದಳು, ಆ ಜಾಗದ ಚಿತ್ರ ಅಳಿಸಿದಳು. ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ ಅಲ್ಲಿದ್ದ ಪ್ರತಿಯನ್ನೂ ಅಳಿಸಿಹಾಕಿಸಿದಳು. ಪರದೆಯಲ್ಲಿ ಅಷ್ಟು ಜಾಗ ಬೆಳ್ಳಗಾಯಿತು.

ಅಜ್ಜ ಗೆದ್ದವನಂತೆ ಹೋಗಲಿಲ್ಲ. ಆ ಬಿಳಿಯನ್ನೇ ನೋಡುತ್ತ ಕುಳಿತ. ಆಮೇಲೆ ಕೋಲು ತೆಗೆದುಕೊಂಡು ಎದ್ದುಹೋದ. ನಾಲ್ಕು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಐದನೆಯ ದಿನ ನಾನು ಬೀಗ ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದ.

"ಅಲ್ಲಿ ಮನೆ ಸುಟ್ಟಿತು. ಇಲ್ಲಿ, ಹುಡುಗಿಯ ಮಾತು ನಿಜವೋ ನೋಡೋಕೆ ಹೋಗಿ ನಾನೇ ಅಳಿಸಿದೆ," ಅಂದ. "ನಾನು ಸತ್ರೆ ಆ ಜಾಗವೂ ಸತ್ತ ಹಾಗೇ. ಮಗಳಿಗೆ ತೋರಿಸೋರು ಯಾರು? ನಾಲ್ಕು ದಿನದಿಂದ ಇದೇ ಯೋಚನೆ. ಹೇಳಿಕೊಳ್ಳೋಕೆ ಮನೇಲಿ ಗೋಡೆ ಬಿಟ್ಟರೆ ಇನ್ಯಾರಿದ್ದಾರೆ?"

ಮತ್ತೆ ಗುರುತು ಹಾಕಲೆಂದು, ಹಿರಿಯರ ಸಭೆ ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದ ದಿನ ಅಜ್ಜ, ಜೆಮುತಾಯಿ, ನಾನು ಮೂವರೂ ಕಾಡಿಗೆ ಹೋದೆವು. ಹತ್ತು ವರ್ಷಗಳ ಮೇಲೆ ಅಜ್ಜ ಆ ದಾರಿ ತುಳಿದದ್ದು. ಎರಡು ಸಲ ದಾರಿ ತಪ್ಪಿದ. ಮೂರನೆಯ ಸಲ ಗಿಡ ಸರಿಸಿದಾಗ ಒಲೆಯ ಕಲ್ಲುಗಳು ಸಿಕ್ಕವು. ಅಜ್ಜ ಅಲ್ಲಿಯೇ ಕುಳಿತು ಒಲೆ, ಬಾಗಿಲು, ಮಗಳು ಮಲಗುತ್ತಿದ್ದ ಮೂಲೆ ಎಲ್ಲವನ್ನೂ ತೋರಿಸುತ್ತ ಮಾತಾಡಿದ. ಜೆಮುತಾಯಿ ಮೊಬೈಲಿನಲ್ಲಿ ಜಾಗದ ಗುರುತು ಹಾಕಿ ಚಿತ್ರ ತೆಗೆದಳು, ಮಾತು ಹಿಡಿದಿಟ್ಟಳು.

ಆಮೇಲೆ ಅಜ್ಜ ಹಿಂಬದಿಗೆ ನಡೆದ. ಜೆಮುತಾಯಿ ಮೊಬೈಲ್ ಆರಿಸಿದಳು. ನಾವಿಬ್ಬರೂ ಬೆನ್ನು ತಿರುಗಿಸಿ ನಿಂತೆವು. ಅವನು ಹೆಂಡತಿಗೆ ಏನು ಹೇಳಿದನೋ ಗೊತ್ತಿಲ್ಲ. ಬಹಳ ಹೊತ್ತು ಹೇಳಿದ.

ಕೊನೆಗೆ ಕೂಗಿದ: "ಬಾರಮ್ಮ. ಈ ಸಮಾಧಿಯ ಗುರುತನ್ನೂ ಹಾಕಿಕೋ. ಆದರೆ ಚೆಮೆಲಿ ಒಬ್ಬಳಿಗೇ ಕಾಣಬೇಕು. ಆಮೇಲೆ ನಿನಗೂ ಬೇಡ."

"ಆಗಲಿ ಅಜ್ಜಾ. ಗುಟ್ಟಿನ ಪದದ ಬೀಗ ಹಾಕ್ತೀನಿ. ಕೀಲಿ ಅವಳ ಕೈಗೇ."

ಚೆಮೆಲಿಗೆ ರಜೆ ಸಿಕ್ಕಲು ಐದು ತಿಂಗಳು ಬೇಕಾಯಿತು. ಬಂದವಳು ಮೊದಲು ಗೊಣಗಿದಳು. "ಸತ್ತೋರ ಜಾಗ ಮೊಬೈಲಲ್ಲಿ ಯಾಕಪ್ಪಾ?" ಅಜ್ಜ ಕೋಲು ಎತ್ತಿಕೊಂಡು ನಮ್ಮೆಲ್ಲರನ್ನೂ ಕಾಡಿನ ದಾರಿಗೆ ಹೊರಡಿಸಿದ. ಮಂಡಿನೋವೆಂದು ಅರ್ಧದಾರಿಯಲ್ಲೇ ಕುಳಿತ. ಅವಳು ಪರದೆ ನೋಡುತ್ತ, ಕಿವಿಯಲ್ಲಿ ಅಪ್ಪನ ಮಾತು ಕೇಳುತ್ತ ಒಬ್ಬಳೇ ಮುಂದೆ ಹೋದಳು. ಸರಿಯಾದ ಜಾಗದಲ್ಲಿ ನಿಂತಳು. ಅವಳು "ಅವ್ವಾ" ಎಂದದ್ದು ಕೆಳಗಿದ್ದ ನಮಗೂ ಕೇಳಿಸಿತು.

ಸಂಜೆಯ ಗಾಡಿಗೆ ಅವಳು ಹೊರಟಳು. ಅಜ್ಜ ಈಗಲೂ ಒಬ್ಬನೇ. ಯಂತ್ರ ಯಾರ ಒಂಟಿತನವನ್ನೂ ಕಳೆಯುವುದಿಲ್ಲ, ಸುಳ್ಳು ಹೇಳಬಾರದು. ಆದರೆ ಆ ಜಾಗ ಈಗ ಅವನೊಬ್ಬನ ಎದೆಯಲ್ಲಿ ಮಾತ್ರ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಳೆಯ ಜಾಗಗಳ ಗುರುತು ಹಾಕಿಸಿ. ಆದರೆ ಯಾರೇ ಯಂತ್ರ ಹಿಡಿದು ಬಂದರೂ ಮೊದಲು ಕೇಳಿ: ಇದನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾರು ನೋಡುತ್ತಾರೆ? ಬೇಡವೆಂದರೆ ಅಳಿಸುತ್ತೀರಾ? ಸರಿಯಾದ ಉತ್ತರ ಸಿಗದಿದ್ದರೆ ಬಾಯಿ ಬಿಡಬೇಡಿ. ಸಮಾಧಿಯ ಚಿತ್ರ, ದೇವರ ಜಾಗದ ಚಿತ್ರ ಕಂಡಕಂಡವರಿಗೆ ಕಳಿಸಬೇಡಿ. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಇವತ್ತೇ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲು ಅವರ ಮಾತು ಕೇಳಿ. ಯಂತ್ರವನ್ನು ಆಮೇಲೆ ತೆಗೆಯಿರಿ.