ಒರೆಸಿದ ಗೋಡೆ

ಬಾಗಿಲು ದೂಡಿದ ಮಗಳಿಗೆ ಮೊದಲು ಕಂಡದ್ದು ಗೋಡೆಯ ಬಿಳುಪು. ಅಮ್ಮ ಆಗಷ್ಟೇ ಸ್ಟೂಲಿನಿಂದ ಇಳಿದು ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಿಂಡುತ್ತಿದ್ದಳು. ಮಗಳನ್ನು ಕಂಡವಳೇ ಮುಖ ಅರಳಿಸಿದಳು.

"ಊಟದ ಡಬ್ಬಿ ಅಲ್ಲಿಟ್ಟಿದೀನಿ. ನೀನು ನಿಮ್ಮ ಮೇಷ್ಟ್ರ ರೂಮಲ್ಲಿ ಇದೀಯ ಅಂದ್ರು. ಸುಮ್ನೆ ಕೂರೋದ್ಯಾಕೆ ಅಂತ... ನೋಡು, ಹೇಗೆ ಹೊಳೀತಿದೆ! ಯಾರೇ ಅದು, ಇಷ್ಟೊಂದು ಗೀಚಿದ್ದು? ಚಿಕ್ಕ ಮಕ್ಕಳನ್ನೂ ಬಿಡ್ತಾರಾ ಒಳಗೆ?"

ಗೀಚಿದವಳು ಮಗಳೇ. ಮೂರು ದಿನ ಕುತ್ತಿಗೆ ನೋಯಿಸಿಕೊಂಡು, ಭೂತಗನ್ನಡಿ ಹಿಡಿದು ಗೀಚಿದ್ದು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

ಅದು ಮನೆಯ ಗೋಡೆಯಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮುರಿಯುವುದಕ್ಕೆಂದೇ ಕಟ್ಟಿದ ಗೋಡೆ. ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ, ಸಾಲುಗಳ ನಡುವೆ ತೆಳ್ಳನೆಯ ತಂತಿ, ಮಾಮೂಲಿ ಗೋಡೆಯ ಅರ್ಧದಷ್ಟೇ ದಪ್ಪ. ಯಂತ್ರ ಅದನ್ನು ಪಕ್ಕದಿಂದ ಹಂತಹಂತವಾಗಿ ದೂಡುತ್ತಿತ್ತು, ಭೂಮಿ ನಡುಗಿದಾಗ ದೂಡುವ ಹಾಗೆ. ಒಂದೊಂದು ಹಂತಕ್ಕೂ ಬಿರುಕು ಎಲ್ಲಿಯವರೆಗೆ ಬಂತು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಅಂಕಿ ಬರೆಯಬೇಕು. ಕೂದಲೆಳೆಯ ಬಿರುಕೂ ಕಾಣಲೆಂದೇ ಸುಣ್ಣ ಬಳಿದಿದ್ದರು. ನಿನ್ನೆ ಸಂಜೆ ಬೆಳಕು ಸಾಲದೆ, ಎಲ್ಲ ಗೆರೆಗಳ ಫೋಟೋ ತೆಗೆದು ಪುಸ್ತಕಕ್ಕಿಳಿಸುವುದನ್ನು ಬೆಳಗ್ಗೆ ಮಾಡಿದರಾಯಿತು ಎಂದುಕೊಂಡಿದ್ದಳು. ಬೆಳಗ್ಗೆ ಬಂದರೆ ಮೇಷ್ಟ್ರು ಕರೆದರು.

"ನಿಂಗೆ ಯಾರಮ್ಮ ಒರೆಸು ಅಂದಿದ್ದು?" ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತ್ತು. "ಎಲ್ಲಿ ಹೋದ್ರೂ ಒರೆಸೋದೇನಾ? ಇದೇನು ಬಾಡಿಗೆ ಮನೆನಾ, ಓನರ್ ಬಂದು ಬೈಯ್ಯೋಕೆ?"

ಅಮ್ಮನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಾಡಿಗೆ ಮನೆ ಅಂತ ಅಲ್ವೇ," ಎಂದಳು ಮೆಲ್ಲಗೆ. "ನಿನ್ನ ಗೋಡೆ ಅಂತ ಒರೆಸಿದೆ."

ಅಮ್ಮನನ್ನು ದೂರುವುದು ಸುಲಭ. ಆದರೆ ಅವಳು ಮದುವೆಯಾದಾಗಿನಿಂದ ಬೇರೆಯವರ ಗೋಡೆಗಳ ನಡುವೆಯೇ ಬಾಳಿದವಳು. ಹೊಲಿಗೆ ಯಂತ್ರವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಹೊತ್ತು ಹೊತ್ತು ಅದರ ಚಕ್ರವೇ ಸೊಟ್ಟಗಾಗಿತ್ತು. ಮೊಳೆ ಹೊಡೆಯಬಾರದು, ಯಂತ್ರದ ಸದ್ದು ಕೇಳಬಾರದು, ಮಗು ಗೋಡೆಯ ಮೇಲೆ ಬರೆಯಬಾರದು. ಮಗು ಬರೆಯದೆ ಬಿಟ್ಟೀತೇ? ಅಂಗೈಯಗಲ ಗೋಡೆ ಸಿಕ್ಕಿದರೂ ಅದರ ಮೇಲೊಂದು ಮನೆ ಬರೆಯುತ್ತಿತ್ತು, ಚಿಮಣಿ ಸಮೇತ. ಮಾಲೀಕರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳುವಷ್ಟರಲ್ಲಿ ಅಮ್ಮ ಒದ್ದೆ ಬಟ್ಟೆ ಹಿಡಿದು ಎದ್ದಿರುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅಮ್ಮನದು ಹುಟ್ಟುಗುಣವಲ್ಲ, ಬಾಡಿಗೆ ಕಲಿಸಿದ ಗುಣ. ಅದೂ ಹೋಗಿರಲಿಲ್ಲ.

ಅಷ್ಟರಲ್ಲಿ ಜಾಕಿಯಣ್ಣ ಚಹಾ ಮುಗಿಸಿ ಬಂದ. ಗೋಡೆಯನ್ನು ದೂಡುವ ಜಾಕಿ ಯಂತ್ರ ಅವನ ಸುಪರ್ದಿಯಲ್ಲಿತ್ತು. ಅದಕ್ಕೇ ಆ ಹೆಸರು. ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತು. ಗೋಡೆಯನ್ನು ನೋಡಿದ, ಬಕೆಟ್ಟು ನೋಡಿದ, ತಾಯಿ ಮಗಳ ಮುಖ ನೋಡಿದ.

"ಅಯ್ಯೋ, ಇದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೋತೀಯಮ್ಮ! ಬರೆದೋಳು ನೀನು, ಅಳಿಸಿದೋರು ನಿಮ್ಮಮ್ಮ. ಮನೆ ವಿಷಯ ಮನೇಲೇ ಇರ್ಲಿ. ನೆನಪಿಂದ ಇನ್ನೊಂದು ಸಲ ಬರ್ಕೋ. ಯಾರು ಬಂದು ಕೇಳ್ತಾರೆ?"

ಅಮ್ಮನಿಗೆ ಹೋದ ಜೀವ ಬಂದಂತಾಯಿತು. "ಹೌದು ಕಣೇ, ಬರಿ. ನಿಂಗೆ ನೆನಪಿರುತ್ತಲ್ಲ. ಚಿಕ್ಕೋಳಿದ್ದಾಗ ಒಂದು ಸಲ ನೋಡಿದ್ದು ಮರೀತಿರ್ಲಿಲ್ಲ."

ಮಗಳು ಪೆನ್ಸಿಲು ತೆಗೆದುಕೊಂಡಳು. ವಾರದ ಕೊನೆಗೆ ವಸತಿ ಕಚೇರಿಯ ಸಭೆಯಿತ್ತು. ಕಾಲುವೆಯಾಚೆ ಕಟ್ಟುವ ಬಡವರ ಮನೆಗಳಿಗೆ ಯಾವ ಗೋಡೆ ಎಂದು ಅಲ್ಲಿ ತೀರ್ಮಾನವಾಗುವುದಿತ್ತು. ಈ ತೆಳು ಗೋಡೆ ಒಪ್ಪಿಗೆಯಾದರೆ ಉಳಿದ ದುಡ್ಡಿನಲ್ಲಿ ಇನ್ನಷ್ಟು ಮನೆಗಳೇಳುತ್ತವೆ, ಅರ್ಜಿ ಹಾಕಿದವರ ಪಟ್ಟಿಯಲ್ಲಿ ಕೆಳಗಿರುವ ಅಮ್ಮನ ಸರದಿಯೂ ಬರುತ್ತದೆ. ದಪ್ಪ ಗೋಡೆಯೇ ಆದರೆ ಅಮ್ಮನಿಗಿಂತ ಎಷ್ಟೋ ಮುಂಚೆ ಮನೆಗಳು ಮುಗಿದುಹೋಗುತ್ತವೆ. ಎತ್ತರದ ಅಪಾರ್ಟ್‌ಮೆಂಟುಗಳಿಗೆ ಕಂಬ ಲೆಕ್ಕ ಹಾಕುವ ಒಳ್ಳೆಯ ಕೆಲಸ ಬಿಟ್ಟು ಅವಳು ಮತ್ತೆ ಎಂ.ಟೆಕ್‌ ಎಂದು ಬೆಂಚಿನ ಮೇಲೆ ಕೂತದ್ದೇ ಈ ಗೋಡೆಗಾಗಿ.

ಗೋಡೆಗೆ ಮುಖ ತಾಗಿಸಿ ಹುಡುಕಿದಳು. ಕರಗಿದ ಸುಣ್ಣ ಒಳಗೆ ಸೇರಿಕೊಂಡು ಬಿರುಕುಗಳೇ ಮುಚ್ಚಿಹೋಗಿದ್ದವು. ಮೊದಲ ಬಿರುಕು ಕಿಟಕಿಯ ಮೂಲೆಯಿಂದ ಹೊರಟಿತ್ತು, ಅದು ಖಂಡಿತ. ಯಾವ ಹಂತದಲ್ಲಿ? ಐದರಲ್ಲೇ? ಆರರಲ್ಲೇ? ಐದು ಎಂದು ಬರೆದರೆ ಬಿರುಕಿಗೂ ಬೀಳುವುದಕ್ಕೂ ನಡುವೆ ಒಂದು ಹಂತ ಹೆಚ್ಚಿ ಗೋಡೆ ಚೆನ್ನಾಗಿ ಕಾಣುತ್ತದೆ. ಪೆನ್ಸಿಲಿನ ತುದಿ ಸುಣ್ಣಕ್ಕೆ ತಾಗಿತ್ತು. ಬೆನ್ನ ಹಿಂದೆ ಅಮ್ಮ ಕಾಯುತ್ತಾ ನಿಂತದ್ದು ಅವಳಿಗೆ ಗೊತ್ತಾಗುತ್ತಿತ್ತು.

"ಅಮ್ಮ, ಯಾರೋ ರವಿಕೆ ಹೊಲಿಸೋಕೆ ಬಂದ್ರು ಅನ್ಕೋ. ಅಳತೆ ತಗೊಂಡೆ, ಮರೆತೋಯ್ತು. ಏನ್ಮಾಡ್ತೀಯ?"

"ಇನ್ನೊಂದ್ಸಲ ಕರೀತೀನಿ."

"ಅವರು ಬರೋಕಾಗಲ್ಲ. ನಾಳೇನೇ ಬೇಕು ಅಂತಾರೆ."

"ಒಂದು ಅಂದಾಜಲ್ಲಿ ಹೊಲೀತೀನಿ. ಒಳಗೆ ಸ್ವಲ್ಪ ಜಾಸ್ತಿ ಬಟ್ಟೆ ಬಿಟ್ಟಿರ್ತೀನಿ, ಬಿಗಿಯಾದ್ರೆ ಬಿಚ್ಚಿದ್ರಾಯ್ತು."

"ಇಲ್ಲಿ ಬಿಚ್ಚೋಕಾಗಲ್ಲಮ್ಮ," ಎಂದು ಮಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಬಿರುಕು ಎಲ್ಲಾ ಗೋಡೆಗೂ ಬರುತ್ತೆ. ಮೊದಲನೇ ಬಿರುಕು ಬಂದ್ಮೇಲೆ ಬೀಳೋಕೆ ಎಷ್ಟು ಹೊತ್ತು ತಾಳುತ್ತೆ, ಅದು ಗೊತ್ತಾಗ್ಬೇಕು. ಒಳಗಿರೋರು ಅಷ್ಟರಲ್ಲಿ ಹೊರಗೆ ಬಂದಿರ್ಬೇಕು. ನೀನು ಒರೆಸಿದ್ದು ಆ ಮೊದಲನೇದನ್ನ."

ಅಮ್ಮ ಬಕೆಟ್ಟಿನ ನೀರನ್ನು ಹೊರಗೆ ಚೆಲ್ಲಿ ಬಂದಳು. ಡಬ್ಬಿ ಬಿಚ್ಚಿ ಮಗಳ ಮುಂದಿಟ್ಟು, ತಾನು ತುತ್ತೂ ಮುಟ್ಟಲಿಲ್ಲ. ತಾನಾಡಿದ ಮಾತು ನೆನಪಾಗಿ ಮಗಳು ಡಬ್ಬಿಯನ್ನು ಅಮ್ಮನ ಕಡೆಗೇ ಸರಿಸಿದಳು.

ಸಭೆಯಲ್ಲಿ ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಷ್ಟ್ರು ಪಕ್ಕದಲ್ಲಿ ಕೂತು ತಲೆದೂಗಿದರು. ಅಧಿಕಾರಿ ಒಳ್ಳೆಯ ಮನುಷ್ಯ, ಆದರೆ ಅವರ ಮೇಲೂ ಒಬ್ಬರಿದ್ದರು. "ಅಳಿಸಿಹೋಯ್ತು ಅಂದ್ರೆ ನಾನೇನು ಮಾಡ್ಲಿ ಹೇಳಿ? ಈ ಸಲ ದಪ್ಪ ಗೋಡೆಗೇ ಹೋಗೋಣ. ನಿಮ್ಮದು ಮುಗಿದ್ಮೇಲೆ ತನ್ನಿ, ಮುಂದಿನ ಹಂತಕ್ಕೆ ನೋಡೋಣ," ಎಂದರು. ಅಷ್ಟಕ್ಕೇ ಎಲ್ಲ ಮುಗಿಯಿತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮ ಮಗಳ ನಡಿಗೆಯಿಂದಲೇ ತಿಳಿದುಕೊಂಡಳು.

"ನಮ್ಮ ಸರದಿ ಹೋಯ್ತಾ?"

"ಹೋಯ್ತಮ್ಮ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿದ್ದಳು, ಅದನ್ನು ಮುಚ್ಚಿಡಲೂ ಇಲ್ಲ. "ನನ್ನ ಕೈಯಾರೆ ನಾನೇ ಕಳ್ಕೊಂಡೆ ನೋಡು," ಎಂದಳು. ಆಮೇಲೆ, "ಇನ್ನೊಂದು ಗೋಡೆ ಯಾವಾಗ ಕಟ್ತೀಯ?" ಎಂದು ಕೇಳಿದಳು.

ಮಗಳು ಅವಳ ಭುಜಕ್ಕೆ ತಲೆಯಿಟ್ಟಳು. ಕಚೇರಿಗೆ ಬಂದವರೆಲ್ಲ ನೋಡಿಕೊಂಡು ಹೋದರು. ನೋಡಲಿ.

ಎರಡನೆಯ ಗೋಡೆ ಎದ್ದು, ನೀರು ಕುಡಿದು, ಒಣಗಿ, ಸುಣ್ಣ ಬಳಿಸಿಕೊಳ್ಳುವಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷವೇ ಮುಗಿದಿತ್ತು. ಜೊತೆಯವರೆಲ್ಲ ಪದವಿ ಮುಗಿಸಿ ಹೊರಟುಹೋಗಿದ್ದರು. ಈ ಸಲ ನಡುವೆ ನಿಲ್ಲಿಸದೆ ಒಂದೇ ದಿನದಲ್ಲಿ ದೂಡಿ ಮುಗಿಸುವುದೆಂದಾಗಿತ್ತು. ಆ ದಿನ ಅಮ್ಮ ತಾನೂ ಬರುತ್ತೇನೆಂದಳು. ಮೇಷ್ಟ್ರನ್ನು ಮಗಳೇ ಒಪ್ಪಿಸಿದಳು. ನೆಲದ ಮೇಲಿನ ಹಳದಿ ಪಟ್ಟಿಯ ಈಚೆಗೆ, ಮರಳಿನ ಸಣ್ಣ ಚೀಲಗಳನ್ನು ಪೇರಿಸಿದ್ದ ಮೂಲೆಯಲ್ಲಿ ಅಮ್ಮನನ್ನು ನಿಲ್ಲಿಸಿದರು. ಬಾಗಿಲು ಆ ತುದಿಯಲ್ಲಿತ್ತು.

"ಅಮ್ಮೋರೇ, ಇವತ್ತು ಬಟ್ಟೆ ಗಿಟ್ಟೆ ತಂದಿಲ್ಲ ತಾನೆ?" ಎಂದ ಜಾಕಿಯಣ್ಣ.

"ನಿನ್ನ ಬಾಯಿ ಒರೆಸೋಕೆ ಒಂದು ತಂದಿದೀನಿ," ಎಂದಳು ಅಮ್ಮ. ಮೇಷ್ಟ್ರೂ ನಕ್ಕರು.

ಯಂತ್ರ ಗುಂಯ್‌ಗುಟ್ಟಿತು. ಮಗಳು ಗೋಡೆಗೆ ಕಣ್ಣು ನೆಟ್ಟು ಪೆನ್ಸಿಲು ಹಿಡಿದು ನಿಂತಳು. ಹಂತದ ಮೇಲೆ ಹಂತ. ಆಮೇಲೆ, ಕಡಲೆ ಬಿರಿದಷ್ಟು ಸಣ್ಣ ಸದ್ದು.

"ಬಿರುಕು!" ಎಂದು ಕೂಗಿದವಳೇ ಮಗಳು ಗೆರೆಯೆಳೆದು, ಪಕ್ಕದಲ್ಲಿ ಅಂಕಿ ಬರೆದು, ಫೋಟೋ ತೆಗೆದಳು. "ಮುಂದಕ್ಕೆ ಹೋಗಣ್ಣ."

ಅವನು ಯಂತ್ರಕ್ಕೆ ಕೈಹಾಕಿದ. ಆಗಲೇ ಅಮ್ಮ ಬಗ್ಗಿ ಒಂದು ಮರಳಿನ ಚೀಲವನ್ನು ಎತ್ತಿದಳು. ಸೊಂಟಕ್ಕೇರಿಸಿಕೊಂಡು, ಅದರ ಬೆನ್ನಿಗೆ ಕೈ ಕೊಟ್ಟು, ಬಾಗಿಲ ಕಡೆ ನಡೆಯತೊಡಗಿದಳು. ಓಡಲಿಲ್ಲ. ನಡುರಾತ್ರಿ ಭೂಮಿ ನಡುಗಿ ನಿದ್ದೆಗಣ್ಣಲ್ಲಿ ಎದ್ದ ಹೆಂಗಸು ಮಗುವನ್ನೆತ್ತಿಕೊಂಡು ನಡೆದ ಹಾಗೆ, ತಡವರಿಸುತ್ತಾ ನಡೆದಳು. ನಡುವೆ ಒಮ್ಮೆ ನಿಂತು, ಏನೋ ಮರೆತವಳಂತೆ ಹಿಂದಕ್ಕೆ ತಿರುಗಿ, ಮತ್ತೆ ಹೊರಟಳು. ಜಾಕಿಯಣ್ಣ ತಮಾಷೆಗೆಂದು ತೆರೆದ ಬಾಯನ್ನು ಮುಚ್ಚಿಕೊಂಡ. ಅವನ ಕೈ ಮಾತ್ರ ನಿಲ್ಲಲಿಲ್ಲ.

ಗೋಡೆ ನರಳಿತು. ಎರಡನೆಯ ಬಿರುಕು ಬಂತು, ಮೂರನೆಯದು ಕಿಟಕಿಯ ಇನ್ನೊಂದು ಮೂಲೆಗೆ ಅಡ್ಡಲಾಗಿ ಹರಿಯಿತು. ಮಗಳು ಗೆರೆಯೆಳೆಯುತ್ತಲೇ ಇದ್ದಳು.

ಅಮ್ಮ ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಅಂಗಳದ ಬಿಸಿಲಿಗೆ ಬಂದು ಹಿಂದಿರುಗಿ ನೋಡಿದಳು. ತೆರೆದ ಬಾಗಿಲಿನಾಚೆ ಗೋಡೆ ಮೈತುಂಬ ಬಿರುಕು ಬಿಟ್ಟುಕೊಂಡು ಇನ್ನೂ ನಿಂತಿತ್ತು. ಅವಳು ಚೀಲವನ್ನು ಕೆಳಗಿಡಲಿಲ್ಲ. ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ನೋಡುತ್ತಾ ನಿಂತಳು.