ಕಂಕುಳಲ್ಲಿ ಒಂದು ಡಬ್ಬಿ

"ಕೈ ಎತ್ತಬೇಡಿ ಅಂದೆನಲ್ಲ!" ಎಂದು ಕಿರುಚಿ ನಾನು ವ್ಯಾನಿನ ಸ್ಟಿಯರಿಂಗ್ ಮೇಲೆ ಗುದ್ದಿದೆ.

ಕಿಟಕಿಯ ಗಾಜು ಇಳಿಸಲು ಎಡಗೈ ಎತ್ತಿದ್ದ ನನ್ನ ಗಂಡ ಅದನ್ನು ಗಬಕ್ಕನೆ ಮೈಗೆ ಅಂಟಿಸಿಕೊಂಡರು. ಆ ಕಂಕುಳಲ್ಲಿ, ಅಂಗಿಯೊಳಗೆ, ಬಿಳಿ ಮುಚ್ಚಳದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಿತ್ತು. ಡಬ್ಬಿಯಲ್ಲಿ ಇವರ ವೀರ್ಯವಿತ್ತು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ನನ್ನ ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಆರು ವರ್ಷ ಊರೆಲ್ಲ ಬ್ರೆಡ್ಡು ಕೊಳ್ಳುತ್ತ ಮಾತಾಡಿಕೊಂಡಿದೆ. ಇವರದ್ದೊಂದು ಡಬ್ಬಿಯ ಸುದ್ದಿ ಹೊರಬಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಆ ಡಬ್ಬಿ ಒಂದು ಗಂಟೆಯೊಳಗೆ ಸೇತುವೆಯಾಚೆಯ ಆಸ್ಪತ್ರೆಯ ಲ್ಯಾಬಿಗೆ ಸೇರಬೇಕಿತ್ತು. ದಾರಿಯುದ್ದಕ್ಕೂ ಮೈ ಎಷ್ಟು ಬಿಸಿಯಿರುತ್ತದೋ ಅಷ್ಟೇ ಬಿಸಿ ಇರಬೇಕು, ತಣ್ಣಗಾಗಬಾರದು, ಕಾಯಲೂಬಾರದು. ಹಿಂದೆ ಖಾಲಿ ಟ್ರೇಗಳು ಧಡಬಡ ಸದ್ದು ಮಾಡುತ್ತಿದ್ದವು.

ನಮ್ಮದು ಬೇಕರಿ. ಕೆಳಗೆ ಅಂಗಡಿ ಮತ್ತು ಭಟ್ಟಿ, ಮೇಲೆ ಮನೆ. ಭಟ್ಟಿಯ ಮುಂದೆ ಇವರು ಮತ್ತು ಒಬ್ಬ ಕೆಲಸದ ಹುಡುಗ, ಕೌಂಟರಿನಲ್ಲಿ ನಮ್ಮತ್ತೆ, ಹೋಟೆಲು ಹಾಸ್ಟೆಲುಗಳಿಗೆ ಬ್ರೆಡ್ಡು ಹಾಕಲು ವ್ಯಾನು ಓಡಿಸುವವಳು ನಾನು. ಮಕ್ಕಳಾಗಲಿಲ್ಲ ಎಂಬ ಮಾತು ಶುರುವಾದ ಮೇಲೆ ಸೂಜಿ, ಸ್ಕ್ಯಾನು, ಮಾತ್ರೆ ಎಲ್ಲ ನನ್ನ ಪಾಲಿಗೇ ಬಂದವು. ಡಾಕ್ಟರಮ್ಮ ಪ್ರತಿ ಸಲವೂ, "ನಿಮ್ಮಲ್ಲೇನೂ ತೊಂದರೆ ಕಾಣ್ತಿಲ್ಲ, ಯಜಮಾನ್ರನ್ನ ಕರ್ಕೊಂಡು ಬನ್ನಿ" ಅನ್ನುತ್ತಿದ್ದರು. ಯಜಮಾನರು ಬರಬೇಕಲ್ಲ! "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತ ಮೈದಾ ಮೂಟೆಯನ್ನು ಹೆಗಲಿಗೇರಿಸಿ ತೋರಿಸುತ್ತಿದ್ದರು. ಮೂಟೆ ಎತ್ತುವುದಕ್ಕೂ ಇದಕ್ಕೂ ಏನು ಸಂಬಂಧವೋ ದೇವರಿಗೇ ಗೊತ್ತು.

ಎರಡು ತಿಂಗಳ ಹಿಂದೆ ನಾನು ವ್ಯಾನಿನ ಕೀ ಎಸೆದು, "ನೀವು ಪರೀಕ್ಷೆ ಮಾಡಿಸೋ ತನಕ ಒಂದು ಬನ್ನೂ ಅಂಗಡಿ ದಾಟಲ್ಲ" ಎಂದು ಪಟ್ಟು ಹಿಡಿದು ಕೂತೆ. ಆಗ ಒಪ್ಪಿದರು. ಒಬ್ಬರೇ ಲ್ಯಾಬಿಗೆ ಹೋದರು. ಅಲ್ಲಿನ ಪುಟ್ಟ ಕೋಣೆಯ ತೆಳ್ಳನೆ ಬಾಗಿಲಾಚೆ ಯಾರೋ ಕೆಮ್ಮುತ್ತಿದ್ದರಂತೆ. ಏನೂ ಆಗದೆ, ಬೆವರೊರೆಸಿಕೊಳ್ಳುತ್ತ ಖಾಲಿ ಡಬ್ಬಿಯೊಂದಿಗೆ ವಾಪಸಾದರು. ಹಾಗಿದ್ದರೆ ಮನೆಯಲ್ಲೇ ತೆಗೆದು ತನ್ನಿ ಎಂದಿದ್ದರು ಲ್ಯಾಬಿನವರು. ಅದೂ ಆಯಿತು. ಒಂದೆರಡು ದಿನ ಬಿಟ್ಟು, ನನ್ನ ಮುಖ ನೋಡದೆ ಹಿಟ್ಟು ನಾದುತ್ತ, "ಎಲ್ಲ ಸರಿಯಾಗಿದೆ ಅಂದ್ರು" ಎಂದರು.

ನಮ್ಮತ್ತೆಗೆ ಅಷ್ಟು ಸಾಕಾಯಿತು. "ನನ್ನ ಮಗಂದೆಲ್ಲ ಸರಿಯಾಗಿದೆಯಂತೆ, ಇನ್ನು ನೀವೇ ಲೆಕ್ಕ ಹಾಕ್ಕೊಳ್ಳಿ" ಎಂದು ಬಂದ ಗಿರಾಕಿಗೆಲ್ಲ ಬನ್ನಿನ ಜೊತೆ ಈ ಸುದ್ದಿಯನ್ನೂ ಕಟ್ಟಿಕೊಟ್ಟರು. ಅವರದ್ದು ಗಟ್ಟಿ ಗಂಟಲು. ಹೊರಗೆ ವ್ಯಾನಿಗೆ ಟ್ರೇ ತುಂಬುತ್ತಿದ್ದ ನನಗೆ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ನಾನು ಬಾಯಿ ಸತ್ತವಳಲ್ಲ. ಆದರೆ ಏನೆಂದು ತಿರುಗಿಸಿ ಕೊಡಲಿ? ದೋಷ ನನ್ನದೇ ಇರಬೇಕೆಂದು ನಾನೂ ನಂಬಿಬಿಟ್ಟಿದ್ದೆ.

ನಿಜ ಹೊರಬಿದ್ದದ್ದು ಕಳೆದ ವಾರ. ಹೊಸ ಮಾತ್ರೆ ಕೇಳೋಣವೆಂದು ಹೋದಾಗ ಬಲವಂತವಾಗಿ ಇವರನ್ನೂ ಎಳೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಇವರನ್ನು ನೋಡಿದವರೇ, "ಒಂದೂ ಜೀವಂತ ಇಲ್ಲ ಅಂತ ಬಂದಿತ್ತು, ಮತ್ತೊಂದ್ಸಲ ಪರೀಕ್ಷೆ ಮಾಡ್ಬೇಕು ಅಂತ ಹೇಳಿ ಕಳಿಸಿದ್ದೆ. ಯಾಕ್ರೀ ಬರ್ಲೇ ಇಲ್ಲ?" ಎಂದು ಕೇಳಿಬಿಟ್ಟರು.

ನಾನು ಇವರ ಕಡೆ ತಿರುಗಿದೆ. ಇವರು ನೆಲ ನೋಡತೊಡಗಿದರು.

"ಅವತ್ತು ಡಬ್ಬಿ ಹೇಗೆ ತಂದ್ರಿ?" ಎಂದು ಡಾಕ್ಟರಮ್ಮ ಕೇಳಿದರು.

"ಬೆಚ್ಚಗಿಡಿ ಅಂದಿದ್ರು. ಅಷ್ಟರಲ್ಲಿ ಹಿಟ್ಟು ಉಬ್ಬಿಬಿಟ್ಟಿತ್ತು. ಆಗಲೇ ಭಟ್ಟಿಗೆ ಹಾಕದಿದ್ರೆ ಹುಳಿ ಬರುತ್ತೆ. ಅದಕ್ಕೆ... ಹಿಟ್ಟು ಉಬ್ಬೋಕೆ ಇಡೋ ಬೀರು ಇದೆಯಲ್ಲ, ಭಟ್ಟಿ ಮೇಲ್ಗಡೆ, ಅದರೊಳಗಿಟ್ಟೆ. ಒಳ್ಳೆ ಹದವಾದ ಬಿಸಿ ಇರುತ್ತೆ."

"ಎಷ್ಟು ಹೊತ್ತು?"

"ಬ್ರೆಡ್ಡೆಲ್ಲ ಬೆಂದು ಇಳಿಯೋ ತನಕ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಹಿಟ್ಟಲ್ಲ, ಸ್ವಾಮಿ!" ಎನ್ನುವಷ್ಟರಲ್ಲಿ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಷ್ಟು ಹೊತ್ತು ಅಂಥ ಕಡೆ ಇಟ್ಟರೆ ಯಾರದ್ದಾದರೂ ಸತ್ತೇ ಹೋಗುತ್ತದೆ, ಆ ಫಲಿತಾಂಶಕ್ಕೆ ಬೆಲೆಯೇ ಇಲ್ಲ, ಕೆಲವು ದಿನ ಬಿಟ್ಟು ಇನ್ನೊಂದು ಸಲ ಕೊಡಿ ಎಂದರು.

ನನಗೆ ಮಾತ್ರ ನಗು ಬರಲಿಲ್ಲ. ಎರಡು ತಿಂಗಳು ಈ ಮನುಷ್ಯ, ಹೆತ್ತ ತಾಯಿ ಊರಿಗೆಲ್ಲ ಡಂಗುರ ಸಾರುವುದನ್ನು ಕೇಳಿಸಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರಲ್ಲ! ಮೈಯೆಲ್ಲ ಉರಿದುಹೋಯಿತು.

ಆ ಸಿಟ್ಟು ಇವತ್ತು ವ್ಯಾನು ಓಡಿಸುವಾಗಲೂ ಇಳಿದಿರಲಿಲ್ಲ.

"ಸ್ವಲ್ಪ ನಿಧಾನ ಕಣೇ, ಡಬ್ಬಿ ಜಾರುತ್ತೆ" ಎಂದರು ಇವರು.

"ಜಾರಿದ್ರೆ ಹಿಡ್ಕೊಳ್ಳಿ. ಸುಳ್ಳನ್ನ ಎರಡು ತಿಂಗಳು ಹಿಡ್ಕೊಂಡಿದ್ರಲ್ಲ."

"ಒಂದೂ ಬದುಕಿಲ್ಲ ಅಂದಾಗ ನನ್ನ ಕಥೆಯೇ ಮುಗೀತು ಅನ್ನಿಸ್ತು. ನಿನಗೆ ಹೇಗೆ ಹೇಳ್ಲಿ?"

"ಬಾಯಿಂದ!" ಎಂದೆ. ಎದುರಿಗೆ ಸೇತುವೆ ಕಾಣಿಸಿತು. ಜೊತೆಗೇ ಅಲ್ಲಿ ಅಡ್ಡಡ್ಡ ನಿಂತ ಲಾರಿಯೂ ಕಾಣಿಸಿತು. ಕಬ್ಬಿಣದ ಪೈಪುಗಳು ರಸ್ತೆಯ ತುಂಬ ಉರುಳಿದ್ದವು. ಹಾರ್ನ್ ಮಾಡುವವರು ಮಾಡುತ್ತಿದ್ದರು, ಪೈಪು ಎತ್ತುವವರು ತಮ್ಮ ಪಾಡಿಗೆ ಎತ್ತುತ್ತಿದ್ದರು.

"ಇಳೀರಿ!"

"ವ್ಯಾನು?"

"ವ್ಯಾನು ಯಾರೂ ಹೊತ್ಕೊಂಡು ಹೋಗಲ್ಲ. ಓಡಿ!"

ಓಡಿದೆವು. ಇವರು ಎಡಗೈಯನ್ನು ಪಕ್ಕೆಗೆ ಒತ್ತಿ, ಬಲಗೈ ಒಂದನ್ನೇ ಬೀಸುತ್ತ, ರೆಕ್ಕೆ ಮುರಿದ ಕೋಳಿಯ ಹಾಗೆ ಓಡುತ್ತಿದ್ದರು. ಪೈಪುಗಳನ್ನು ನೆಗೆದು ದಾಟುವಾಗ ನಾನು ಇವರ ಭುಜ ಹಿಡಿದುಕೊಂಡೆ. ಸೇತುವೆಯ ನಡುವೆ, ದಿನವೂ ನಮ್ಮ ಬ್ರೆಡ್ಡು ತರಿಸುವ ಹೋಟೆಲಿನ ಮಾಲೀಕರು ಸ್ಕೂಟರಿನ ಮೇಲೆ ಕಾಯುತ್ತಿದ್ದರು.

"ಏನ್ರೀ, ಕೈಗೇನಾಯ್ತು?"

"ಜ್ವರ ನೋಡ್ಕೋತಿದ್ದೀನಿ!" ಎಂದರು ಇವರು, ನಿಲ್ಲದೆ.

"ಓಡ್ತಾ ಓಡ್ತಾನಾ?"

ಅಷ್ಟು ಸಿಟ್ಟಿನಲ್ಲೂ ನನಗೆ ನಗು ಕಿತ್ತುಕೊಂಡು ಬಂತು. ಇವರೂ ನಕ್ಕರು. ನಗುತ್ತ, ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ಎಳೆದುಕೊಂಡು ಲ್ಯಾಬಿನ ಮೆಟ್ಟಿಲು ಹತ್ತಿದೆವು.

ಕಿಟಕಿಯೊಳಗಿನ ಹುಡುಗಿ ಡಬ್ಬಿ ಕೈಗೆ ತೆಗೆದುಕೊಂಡು, ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸುವಂತೆ, "ಎಷ್ಟೊತ್ತಿಗೆ ತೆಗೆದಿದ್ದು?" ಎಂದಳು. ಕೋಣೆಯಾಚೆಯ ಕೆಮ್ಮಿಗೇ ಬೆವೆತು ಹೋಗಿದ್ದ ನನ್ನ ಗಂಡ ಈಗ ಎದೆಯುಬ್ಬಿಸಿ, ರೈಲ್ವೆ ಸ್ಟೇಷನ್ನಿನಲ್ಲಿ ಕೂಗಿ ಹೇಳುವವರ ಹಾಗೆ ಟೈಮು ಹೇಳಿದರು. ಅವಳು ಗಡಿಯಾರ ನೋಡಿ, "ಸರಿ, ಗಂಟೆಯೊಳಗೇ ಇದೆ" ಎಂದಳು. ನಾನು ಅಲ್ಲೇ ಒಂದು ಸಲ ಕುಣಿದೆ. ಯಾರು ನೋಡಿದರೆ ನನಗೇನು?

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಒಳಗೆ ಕರೆದರು. ಕೂರುವ ಮೊದಲೇ, "ಜೀವಂತ ಇವೆ" ಎಂದರು. ನಾನು ಇವರ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಉಗುರಿನ ಗುರುತು ಮೂಡಿತು.

"ಕಮ್ಮಿ ಇವೆ. ಸೋಮಾರಿಗಳೇ ಜಾಸ್ತಿ. ಆದರೆ ಇವೆ" ಎಂದು ನಕ್ಕು, ಪಕ್ಕದ ಕೋಣೆಯಲ್ಲಿದ್ದ ಗಂಡಸರ ಡಾಕ್ಟರ ಹತ್ತಿರ ಕಳಿಸಿದರು. ಅವರು ಪರದೆಯ ಹಿಂದೆ ಪರೀಕ್ಷೆ ಮಾಡಿದರು. ಈಚೆ ಕುರ್ಚಿಯಲ್ಲಿದ್ದ ನನಗೆ ಮಾತು ಕೇಳಿಸುತ್ತಿತ್ತು.

"ಬೀಜದ ಚೀಲದಲ್ಲಿ ನರ ಉಬ್ಬಿದೆ. ನೋವಿರಲಿಲ್ವಾ?"

"ಸಾಯಂಕಾಲ ಎಳೆದ ಹಾಗಾಗ್ತಿತ್ತು. ಬಹಳ ವರ್ಷದಿಂದ."

"ಯಾರಿಗೂ ಹೇಳಲಿಲ್ವಾ?"

"ಅಲ್ಲಿ ನೋವು ಅಂತ ಯಾರಿಗೆ ಹೇಳೋದು ಡಾಕ್ಟ್ರೇ?"

ಆ ಮಾತು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು. ಒಂದೇ ಹಾಸಿಗೆಯಲ್ಲಿ ಮಲಗುವ ನನಗೂ ಹೇಳದೆ, ಮೂಟೆ ಹೊತ್ತು ಹೊತ್ತು ನೋವನ್ನು ನುಂಗಿದ್ದರಲ್ಲ. ಪಾಪ ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು.

ನರಕ್ಕೆ ಸಣ್ಣ ಆಪರೇಷನ್ ಸಾಕು ಎಂದರು ಡಾಕ್ಟರು. ಭಟ್ಟಿಯ ಬಾಯಿ ಸೊಂಟದ ಎತ್ತರಕ್ಕಿದೆಯೆಂದು ತಿಳಿದು, ಬೀಜಕ್ಕೆ ಅಷ್ಟು ಕಾವು ಒಳ್ಳೆಯದಲ್ಲ, ಸದ್ಯಕ್ಕೆ ಅದರ ಮುಂದೆ ನಿಲ್ಲುವ ಕೆಲಸ ಬೇರೆಯವರಿಗೆ ಕೊಡಿ ಎಂದರು. ಸಿಗರೇಟು ಬಿಡಲೇಬೇಕು ಎಂದರು. ರಕ್ತದೊತ್ತಡವೂ ಏರಿತ್ತು. ಬಂದದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ ಎಂದು ಮಾತ್ರೆ ಬರೆದರು. ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ ಮತ್ತೆ ನೋಡೋಣ, ಮಗು ಆಗೇ ಆಗುತ್ತದೆಂದು ಖಾತ್ರಿ ಕೊಡಲಾರೆ, ಆದರೆ ದಾರಿಯಂತೂ ಇದೆ ಎಂದರು. ದಾರಿಯಿದೆ! ನನಗೆ ಅಷ್ಟೇ ಬೇಕಿತ್ತು.

ಸೇತುವೆ ಬಳಿ ಬಿಟ್ಟಿದ್ದ ವ್ಯಾನು ಹತ್ತಿ ವಾಪಸು ಬರುವಾಗ ಇವರು ಕಿಟಕಿಯಾಚೆ ನೋಡುತ್ತ, "ಸಂಜೆ ಅಮ್ಮ ಒಬ್ಬಳೇ ಇದ್ದಾಗ ಹೇಳ್ತೀನಿ" ಎಂದರು.

"ನನ್ನ ಮಾನ ಹೋಗಿದ್ದು ಅಂಗಡಿ ತುಂಬ ಜನರ ಮುಂದೆ. ಅಲ್ಲೇ ವಾಪಸ್ ಬರ್ಬೇಕು" ಎಂದೆ. ಇವರು ಕಿಟಕಿಯ ಗಾಜು ಏರಿಸಿದರು. ಮಗು ಆಗಲಿ ಬಿಡಲಿ, ಈ ಮಾತನ್ನು ಇವರು ಇಂದು ನುಂಗಿದರೆ ನಾನು ಆ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಸಾಧ್ಯವಿರಲಿಲ್ಲ.

ಅಂಗಡಿಯಲ್ಲಿ ಸಾಯಂಕಾಲದ ಬಿಸಿ ಬ್ರೆಡ್ಡಿಗೆ ಸಾಲು ಬಾಗಿಲ ತನಕ ಬೆಳೆದಿತ್ತು. ನಮ್ಮನ್ನು ಕಂಡದ್ದೇ ನಮ್ಮತ್ತೆ ಕೌಂಟರಿನಿಂದ ಕೂಗಿದರು: "ಏನಂದ್ರೋ? ಇವಳದ್ದೇನು ತೊಂದ್ರೆಯಂತೆ?"

ಇವರು ಭಟ್ಟಿಯ ಕಡೆ ಎರಡು ಹೆಜ್ಜೆ ಹಾಕಿದರು. ನಿಂತರು. ತಿರುಗಿದರು.

"ಅಮ್ಮ, ಅವತ್ತು ಎಲ್ಲ ಸರಿಯಿದೆ ಅಂದಿದ್ದು ಸುಳ್ಳು. ತೊಂದ್ರೆ ಇರೋದು ನನ್ನಲ್ಲಿ. ಇವಳಲ್ಲಿ ಯಾವತ್ತೂ ಇರ್ಲಿಲ್ಲ."

ಸಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನನ್ನ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲಿಲ್ಲ, ಎಲ್ಲರೂ ನೋಡಲಿ ಎಂದು ತಲೆಯೆತ್ತಿ ನಿಂತೆ.

ನಮ್ಮತ್ತೆ ಕೌಂಟರಿಗೆ ಎರಡೂ ಕೈಯೂರಿ ಎದ್ದರು. "ಎರಡು ತಿಂಗಳಿಂದ ನನ್ನ ಬಾಯಲ್ಲಿ ಸುಳ್ಳು ಆಡಿಸಿದ್ಯೇನೋ! ಇಲ್ಲಿ ಕೂತು ಎಷ್ಟು ಜನಕ್ಕೆ ಹೇಳಿದ್ದೀನಿ, ಗೊತ್ತೇನೋ ನಿನಗೆ?" ಎಂದು ಮಗನಿಗೆ ಗದರಿ, ಸಾಲಿನತ್ತ ತಿರುಗಿದರು. "ಕೇಳಿಸ್ತಾ ಎಲ್ರಿಗೂ? ನನ್ನ ಸೊಸೆ ಚೆನ್ನಾಗಿದ್ದಾಳೆ. ತೊಂದ್ರೆ ಇವನದ್ದು. ಹೋಗಿ ಹೇಳಿ ಎಲ್ರಿಗೂ." ನನ್ನ ಮುಂದೆ ತಪ್ಪಾಯಿತು ಅನ್ನುವ ಹೆಂಗಸಲ್ಲ ಅವರು. ಆದರೆ ಆಮೇಲೆ ಬಂದ ಪ್ರತಿಯೊಬ್ಬರಿಗೂ ಬ್ರೆಡ್ಡು ಕಟ್ಟುತ್ತ, ಅದೇ ಗಟ್ಟಿ ಗಂಟಲಲ್ಲಿ, ಅದನ್ನೇ ಹೇಳಿದರು. ಇವರು ಭಟ್ಟಿಯಿಂದ ದೂರ ಸರಿದು, ಮೈದಾ ಮೂಟೆಗಳ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದರು.

ಸಾಲು ಕರಗಿದ ಮೇಲೆ ನಮ್ಮ ಬೀದಿಯ ಸೈಕಲ್ ಅಂಗಡಿಯವರು ಮಾತ್ರ ಉಳಿದರು. ದಪ್ಪ ಮೀಸೆಯ ಗಟ್ಟಿ ಆಳು. ಕೌಂಟರ್ ಬಳಸಿಕೊಂಡು ಒಳಗೆ ಬಂದು, ದನಿ ತಗ್ಗಿಸಿ ಇವರನ್ನು ಕೇಳಿದರು: "ನೀನು ತೋರಿಸ್ಕೊಂಡ ಡಾಕ್ಟ್ರು ಯಾವ ದಿನ ಸಿಗ್ತಾರೆ?"

"ಯಾಕಣ್ಣ?"

"ಸುಮ್ನೆ ಕೇಳ್ದೆ." ಕೈಲಿದ್ದ ಬ್ರೆಡ್ಡಿನ ಪೊಟ್ಟಣ ಹಿಸುಕಿದರು. "ಮೂತ್ರಕ್ಕೆ ಹೋದ್ರೆ ಸಲೀಸಾಗಿ ಬರಲ್ಲ. ಎರಡು ಸಲ ರಕ್ತ ಕಾಣಿಸ್ತು. ಮನೇಲೂ ಹೇಳಿಲ್ಲ."

"ನಾಳೆ ಬೆಳಿಗ್ಗೇನೇ ಬಾ, ಮುಂದೂಡಬೇಡ" ಎಂದರು ಇವರು, ಅವರ ಹೆಗಲ ಮೇಲೆ ಕೈಯಿಟ್ಟು. "ಇವಳು ಬ್ರೆಡ್ಡು ಹಾಕೋಕೆ ಆ ಕಡೇನೇ ಹೋಗ್ತಾಳೆ. ನಾನೂ ಜೊತೆಗೆ ಬರ್ತೀನಿ."

"ಕರ್ಕೊಂಡು ಹೋಗ್ತೀನಿ ಅಣ್ಣ" ಎಂದೆ ನಾನು. "ಆದ್ರೆ ಈಗ ಮನೆಗೆ ಹೋಗಿ ಮೊದ್ಲು ಅಕ್ಕನಿಗೆ ಹೇಳಿ. ಹೇಳದೆ ಬಂದ್ರೆ ನನ್ನ ವ್ಯಾನು ಹತ್ತಿಸಲ್ಲ."

ಅವರು ನನ್ನನ್ನೊಮ್ಮೆ, ಇವರನ್ನೊಮ್ಮೆ ನೋಡಿದರು. ತಲೆಯಾಡಿಸಿದರು. ಬ್ರೆಡ್ಡನ್ನು ಮೂಟೆಯ ಮೇಲಿಟ್ಟು, ಅಲ್ಲೇ ಮರೆತು ಮನೆಯ ಕಡೆ ನಡೆದರು.