ಕಿವಿಯ ಸದ್ದು ನಾಡಿಯ ಜತೆಗೇ ಹೊಡೆದರೆ

ನಮ್ಮ ಅತ್ತಿಗೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಅಲ್ಲಿ ಯಾರ ಕಿವಿಯಲ್ಲಿ ಏನೇ ಸದ್ದು ಬಂದರೂ ತಪ್ಪು ಮಷೀನಿನದೇ. ಅವಳ ಎಡಗಿವಿಯಲ್ಲಿ ‘ಉಸ್ ಉಸ್’ ಶುರುವಾದಾಗ ಅಣ್ಣನೂ ಅದೇ ತೀರ್ಪು ಕೊಟ್ಟ.

“ಮಷೀನ್ ಸದ್ದು ಕಿವೀಲಿ ಕೂತಿದೆ ಅಷ್ಟೆ. ಹತ್ತಿ ಇಟ್ಕೊ.”

ನಮ್ಮಣ್ಣನಿಗೆ ಗೊತ್ತಿಲ್ಲದ ಮದ್ದೇ ಇಲ್ಲ! ಹತ್ತಿ ಇಟ್ಟರೆ ಮಷೀನು ಸುಮ್ಮನಾಯಿತು, ಉಸ್ ಉಸ್ ಇನ್ನೂ ಜೋರಾಯಿತು. ಪಾಪ, ಅತ್ತಿಗೆ ಸಹಿಸಿಕೊಂಡೇ ದುಡಿದಳು.

ನಾನು ನರ್ಸ್. ರಜೆಯಲ್ಲಿ ಅವರ ಮನೆಗೆ ಹೋದಾಗ ಅವಳ ಮಣಿಕಟ್ಟು ಹಿಡಿದು ಕೂತೆ.

“ಅತ್ತಿಗೆ, ಸದ್ದು ಬಂದಾಗೆಲ್ಲ ಮೇಜು ತಟ್ಟು.”

ತಟ್ಟಿದಳು. ಒಂದೊಂದು ಏಟೂ ನನ್ನ ಬೆರಳಡಿಯ ನಾಡಿಯ ಜತೆಗೇ ಬಿತ್ತು. ನನಗೆ ಭಯವಾಯಿತು.

“ಇದು ಮಷೀನಲ್ಲ ಅಣ್ಣ, ರಕ್ತ ಹರಿಯೋ ಸದ್ದು. ತೋರಿಸಲೇಬೇಕು.”

“ತಲೆ ಕುಯ್ದುಬಿಟ್ರೆ?” ಅಣ್ಣನ ಮುಖ ಬಿಳುಚಿಕೊಂಡಿತು.

“ಏನು ಅಂತ್ಲೇ ಗೊತ್ತಿಲ್ದೆ ಕೂತ್ಕೊಳ್ಳೋದು ಅದಕ್ಕಿಂತ ಅಪಾಯ. ಬಾ, ನಾನೂ ಬರ್ತೀನಿ.”

ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ತಲೆಯ ನಾಳಗಳ ಚಿತ್ರವನ್ನೂ ತೆಗೆದರು. ಡಾಕ್ಟರಮ್ಮ ಆ ಚಿತ್ರ ತೋರಿಸಿದರು.

“ನೋಡಿ, ಮೆದುಳಿನ ಹೊದಿಕೇಲಿ ರಕ್ತ ತರೋ ನಾಳ, ವಾಪಸ್ ಒಯ್ಯೋ ನಾಳಕ್ಕೆ ನೇರವಾಗಿ ಕೂಡ್ಕೊಂಡುಬಿಟ್ಟಿದೆ. ಇದ್ರಲ್ಲಿ ಬೇರೆ ಬೇರೆ ವರ್ಗ ಇವೆ. ರಕ್ತ ಎತ್ತ ಹೋಗ್ತಿದೆ ಅನ್ನೋದೇ ಮುಖ್ಯ. ಹೊದಿಕೆಯ ದೊಡ್ಡ ಕಾಲುವೇಲಿ ಮುಂದಕ್ಕೆ, ಹೃದಯದ ಕಡೆಗೇ ಹರಿದ್ರೆ ಅಪಾಯ ಕಡಿಮೆ. ಹಿಂದಕ್ಕೆ ತಿರುಗಿದ್ರೆ ಎಚ್ಚರ ಬೇಕು. ಮೆದುಳಿನ ನಾಳಗಳಿಗೇ ನುಗ್ಗಿದ್ರೆ ರಕ್ತಸ್ರಾವ ಆಗ್ಬಹುದು, ಬೇಗ ಮುಚ್ಚಬೇಕು.”

“ಇವಳದು?” ಅಣ್ಣ ಪಿಸುಗುಟ್ಟಿದ.

“ಮುಂದಕ್ಕೇ ಹರೀತಿದೆ, ಮೊದಲ ವರ್ಗ. ಈಗೇನೂ ಮಾಡೋದು ಬೇಡ. ಆಗಾಗ ಬಂದು ತೋರಿಸಿ. ಸದ್ದು ತಾನಾಗೇ ನಿಂತ್ರೂ ಬನ್ನಿ, ಹರಿವಿನ ದಾರಿ ಬದಲಾಗಿರಬಹುದು.”

ಅತ್ತಿಗೆ ಅತ್ತೇಬಿಟ್ಟಳು, ನಾನೂ ಅತ್ತೆ. ಅಣ್ಣನಿಗೆ ಹೋದ ಜೀವ ಬಂತು, ಅದರ ಹಿಂದೆಯೇ ನಾಲಿಗೆಯೂ ಬಂತು.

“ಇಷ್ಟಕ್ಕೆ ಇಷ್ಟೆಲ್ಲ ಪರೀಕ್ಷೆ! ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು.”

“ಅಗೆದಿದ್ದಕ್ಕೇ ತಾನೇ ಇಲಿ ಅಂತ ಗೊತ್ತಾಗಿದ್ದು? ಹುಲಿ ಇದ್ದಿದ್ರೆ?”

ಅಣ್ಣ ಮನೆ ಮುಟ್ಟುವವರೆಗೂ ಅತ್ತಿಗೆಯ ಕೈ ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಿವಿಯಲ್ಲೂ ನಾಡಿಯ ಲಯಕ್ಕೇ ಸದ್ದು ಬರುತ್ತಿದೆಯೇ? ಎಲ್ಲರಿಗೂ ಇದೇ ಕಾಯಿಲೆ ಇರಬೇಕೆಂದಿಲ್ಲ, ಆದರೂ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಹೆದರಿಕೆಯಾದರೆ ಹೆದರಿಕೊಂಡೇ ಹೋಗಿ. ನಮ್ಮಣ್ಣ ಹೋಗಿದ್ದೂ ಹಾಗೆಯೇ.